ಬಿಸಿಲು ತಿನ್ನುವ ಕುರಿಗಳು

ಮದುವೆಯಾಗಿ ಇಪ್ಪತ್ತೇ ದಿನ! ಬೆಳಿಗ್ಗೆ ನನ್ನ ಗಂಡ ಕಂಬಳಿಯನ್ನು ಬಿಸಿಲಿಗೆ ಹರಡಿದ. ಆ ಉಣ್ಣೆಯ ವಾಸನೆ ಬಂದದ್ದೇ ತಡ, ನಾನು ಮತ್ತೆ ಶಾಲೆಯ ಹುಡುಗಿಯಾಗಿ, ಗಟ್ಟು ಎಂಬ ನಮ್ಮ ಹಳ್ಳಿಯಲ್ಲಿ ತಾತನ ಕುರಿಹಟ್ಟಿಯ ಪಕ್ಕ ಕೂತಿದ್ದೆ.

ತಾತನಿಗೆ ಓದು ಬರುತ್ತಿರಲಿಲ್ಲ. ನಾನು ಇಂಗ್ಲಿಷಿನಲ್ಲಿದ್ದ ಸೈನ್ಸ್ ಪಾಠವನ್ನು ಕಣ್ಣು ಮುಚ್ಚಿ ಉರುಹೊಡೆಯುತ್ತಿದ್ದರೆ, ಉಣ್ಣೆ ಕತ್ತರಿಸುತ್ತಲೇ ಕೇಳುತ್ತಿದ್ದ, "ಏನಂತೈತಿ ಅದು? ನನಗ ತಿಳಿಯಂಗ ಹೇಳು."

"ಎಲಿ ತನ್ನ ಅಡಗಿ ತಾನ ಮಾಡ್ಕೊಂತೈತಿ, ತಾತಾ."

"ಒಲಿ ಎಲ್ಲೈತಿ?"

"ಬಿಸಿಲೇ ಒಲಿ."

"ಹಂಗಾದ್ರ ನನ್ನ ಕುರಿ ಬಿಸಿಲು ತಿಂತಾವೇನಬೇ!"

ಉತ್ತರಕ್ಕಾಗಿ ಪುಸ್ತಕವನ್ನು ಮತ್ತೆ ತೆರೆದೆ. ಪಾಠ ನಿಜವಾಗಿ ತಲೆಗೆ ಹತ್ತಿದ್ದು ಆಗಲೇ.

ಗದ್ವಾಲದ ಶಾಲೆಯ ಪರೀಕ್ಷೆಯಲ್ಲಿ ಅದನ್ನೇ ನನ್ನ ಮಾತಿನಲ್ಲಿ ಬರೆದೆ. ಸೈನ್ಸ್ ಮೇಡಂ ಸೊನ್ನೆ ಹಾಕಿದರು. "ಗೈಡ್‌ನಾಗ ಇದ್ದಂಗ ಒಪ್ಪಸು. ಇಲ್ಲಾಂದ್ರ ನಾಲ್ಕನೇ ಕ್ಲಾಸಿನಾಗ ಹೋಗಿ ಕೂಡು."

"ತಪ್ಪು ಎಲ್ಲೈತಿ ತೋರಸ್ರಿ, ಮೇಡಂ," ಅಂದೆ. ಅವರು ಬಾಗಿಲು ತೋರಿಸಿದರು.

ಏಳನೇ ಕ್ಲಾಸಿನ ನಾನು ಒಂದು ವಾರ ಆ ಪುಟ್ಟ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತೆ. ಗೆಳತಿಯರು ಕಿಟಕಿಯಲ್ಲಿ ಇಣುಕಿ ನಕ್ಕರು, ಅಳುವೂ ಬಂತು. ಆದರೂ ಒಪ್ಪಿಸಲಿಲ್ಲ! ಆ ಮಕ್ಕಳಿಗೆ ಎಲೆಯ ಅಡುಗೆಯ ಕಥೆಯನ್ನೆಲ್ಲ ಹೇಳಿಕೊಟ್ಟೆ. ಶನಿವಾರ ಮೇಡಂ ಬಂದಾಗ ಒಬ್ಬಳು ಪುಟಾಣಿ ಎದ್ದು ನಿಂತು ಕೇಳಿದಳು, "ಮೇಡಂ, ರಾತ್ರಿ ಎಲಿ ಉಪಾಸ ಮಲಗ್ತೈತೇನ್ರಿ?"

ಮೇಡಂ ಗೈಡ್ ತೆರೆದು ಹುಡುಕಿದರು. ಅದರಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಸೋಮವಾರ ನನ್ನನ್ನು ನನ್ನ ಕ್ಲಾಸಿಗೆ ವಾಪಸ್ ಕರೆದರು, ಒಪ್ಪಿಸು ಅನ್ನಲಿಲ್ಲ.

ನಮ್ಮ ಮಕ್ಕಳಿಗೆ ಗೈಡ್ ತರುವಂತಿಲ್ಲ ಎಂದು ಈಗಷ್ಟೇ ಗಂಡನಿಗೆ ಹೇಳಿದೆ. "ಮೊದ್ಲ ಮಕ್ಕಳರ ಆಗ್ಲಿ, ತಡಿಯೇ!" ಎಂದು ನಗುತ್ತಾನೆ.

ನಾನು ತಡೆಯುವವಳಲ್ಲ.