ಸಾಂಬಾರು ಪುಡಿಯ ಕರಾರು

ಐವತ್ತರ ದಶಕದಲ್ಲಿ ಚೆಂಬೂರಿನಲ್ಲಿ ನಾನು ಹೋಟೆಲು ತೆರೆದಾಗ ಬಾಗಿಲ ಮೇಲಿನ ಹೆಸರು ನನ್ನದಾಗಿರಲಿಲ್ಲ. ದಾದರಿನ ಧಣಿಯೊಬ್ಬರ ಹೋಟೆಲಿನ ಹೆಸರನ್ನೂ ಅವರ ಸಾಂಬಾರಿನ ರುಚಿಯನ್ನೂ ಕರಾರಿನ ಮೇಲೆ ಪಡೆದಿದ್ದೆ. ಪುಡಿಯ ಅಳತೆಯನ್ನು ಅವರು ಬಾಗಿಲು ಹಾಕಿಕೊಂಡು ಬಾಯಲ್ಲೇ ಹೇಳಿಕೊಟ್ಟರು. ಆಮೇಲೆ ಛಾಪಾ ಕಾಗದ ಮುಂದಿಟ್ಟರು. ಅಳತೆಯನ್ನು ಯಾರಿಗೂ ಹೇಳಬಾರದು. ನಮ್ಮಿಬ್ಬರ ಸಂಬಂಧ ಮುರಿದರೂ ಹೇಳಬಾರದು, ಬಳಸಲೂಬಾರದು.

"ಹೆಂಡತಿಗೂ ಹೇಳುವ ಹಾಗಿಲ್ಲ," ಎಂದರು. ಸಹಿ ಹಾಕಿದೆ.

ಎರಡು ವರ್ಷದ ಮೇಲೆ ನನ್ನ ಹೆಂಡತಿಯ ಅಣ್ಣ ದಹಿಸರಿನಲ್ಲಿ ಹೋಟೆಲು ಹಾಕಲು ಹೊರಟ. ನಮ್ಮ ಮನೆಯಲ್ಲಿ ಊಟಕ್ಕೆ ಕೂತವನು ನೇರವಾಗಿ ಕೇಳಿದ: "ಭಾವ, ಆ ಪುಡಿಗೆ ಎಂತೆಂತ ಹಾಕ್ತೀರಿ?"

"ಅದೊಂದು ಕೇಳ್ಬೇಡಿ. ಸಹಿ ಹಾಕಿದ್ದೇನೆ."

"ದಾದರ್ ಎಲ್ಲಿ, ದಹಿಸರ್ ಎಲ್ಲಿ ಮಾರಾಯ್ರೆ! ನಿಮ್ಮ ಧಣಿ ಲೋಕಲ್ ರೈಲು ಹತ್ತಿ ನನ್ನ ಸಾಂಬಾರು ತಿನ್ಲಿಕ್ಕೆ ಬರ್ತಾರಾ?"

ನಾನು ಬಾಯಿ ಬಿಡಲಿಲ್ಲ. ಅವನು ಅರ್ಧ ಊಟದಲ್ಲೇ ಎದ್ದು ಕೈ ತೊಳೆದ. "ನನ್ನ ಅಣ್ಣನಿಗಿಂತ ಆ ಕಾಗದ ಹೆಚ್ಚಾಯ್ತಾ ನಿಮಗೆ?" ಎಂದಳು ಹೆಂಡತಿ. ಅಂದಿನಿಂದ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ನಾಲ್ಕು ತಿಂಗಳು ಕಳೆದಿರಬೇಕು. ಬೆಳಗಿನ ತಿಂಡಿಯ ಗದ್ದಲದಲ್ಲಿ ಧಣಿ ಒಳಗೆ ನುಗ್ಗಿದರು. "ದಹಿಸರಿನಲ್ಲಿ ತಿಂದು ಬಂದೆ. ನನ್ನದೇ ಸಾಂಬಾರು! ಕಳ್ಳ, ಹೆಂಡತಿಯ ಅಣ್ಣನಿಗೆ ಕೊಟ್ಟೆಯಲ್ಲ?"

ಗಿರಾಕಿಗಳ ಕೈ ತಟ್ಟೆಯಲ್ಲೇ ನಿಂತಿತು. ನನಗೂ ಸಿಟ್ಟು ನೆತ್ತಿಗೇರಿತು.

"ನಿಮ್ಮ ದಾದರಿನ ಅಡಿಗೆಭಟ್ಟರು ಕೆಲಸ ಬಿಟ್ಟು ಹೋದ್ರಲ್ಲ, ಎಲ್ಲಿದ್ದಾರೆ ಗೊತ್ತುಂಟಾ? ಅದೇ ದಹಿಸರಿನ ಹೋಟೆಲಿನಲ್ಲಿ! ಅವರಿಂದ ಕಾಗದ ಬರೆಸಿಕೊಂಡಿದ್ರಾ?"

ಬರೆಸಿಕೊಂಡಿರಲಿಲ್ಲ. ಅದು ಅವರ ಮುಖದಲ್ಲೇ ತಿಳಿಯಿತು. ಆದರೆ ಅಷ್ಟು ಜನರೆದುರು ಆಡಿದ ಮಾತನ್ನು ನುಂಗುವ ಮನುಷ್ಯರಲ್ಲ ಅವರು. ಮಧ್ಯಾಹ್ನದೊಳಗೆ ಏಣಿ ತರಿಸಿ ಬೋರ್ಡು ಇಳಿಸಿದರು. ಪುಡಿಯ ಡಬ್ಬ ಕೇಳಿ ತೆಗೆದುಕೊಂಡು, ನನ್ನ ಕಣ್ಣೆದುರೇ ಗಟಾರಕ್ಕೆ ಸುರಿದರು. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ಒಂದು ಕ್ಷಣ, ಅಲ್ಲೇ ಬೀದಿಯಲ್ಲಿ ನಿಂತು ಆ ಅಳತೆಯನ್ನು ಗಟ್ಟಿಯಾಗಿ ಕೂಗಿಬಿಡಬೇಕೆನಿಸಿತು. ಕೂಗಲಿಲ್ಲ. ಮರ್ಯಾದೆಯಿಂದಲ್ಲ, ಅವರ ಮಾತು ನಿಜವಾಗಬಾರದೆಂಬ ಹಟದಿಂದ.

ಮರುದಿನ ಹೆಂಡತಿ ಹೋಟೆಲಿನ ಅಡಿಗೆಮನೆಗೆ ಬಂದು ತನ್ನ ತಾಯಿಯಿಂದ ಕಲಿತ ಪುಡಿಯನ್ನು ಹುರಿದಳು. ಕೆಲಸ ಮುಗಿದ ಮೇಲೆ ನನ್ನ ಕಡೆ ನೋಡದೆ, "ಇದನ್ನು ಯಾರಿಗೆ ಬೇಕಾದ್ರೂ ಹೇಳ್ತೇನೆ," ಎಂದಳು.

"ಹೇಳು," ಎಂದೆ.

ಹಳೆಯ ಗಿರಾಕಿಗಳು ಮೂಗು ಮುರಿದರು, ಕೆಲವರು ಮತ್ತೆ ಬರಲಿಲ್ಲ. ಹೋಟೆಲು ಹೇಗೋ ಉಳಿಯಿತು. ಅವಳ ಅಣ್ಣ ಮಾತ್ರ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ನೆಂಟರ ಮದುವೆಗಳಲ್ಲಿ ನಾವಿಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದೆವು.