ಐರಿನ್ ಮೇಡಂ ಮೊದಲೇ ಹೇಳಿಬಿಟ್ಟದ್ದು

ಇವತ್ತು ಬೆಳಿಗ್ಗೆ ಉಡುಪಿಯಲ್ಲಿ ಡಾಕ್ಟರರ ಎದುರು ಕುಳಿತಿದ್ದೆ. ನಿದ್ದೆ ಬರುವುದಿಲ್ಲ, ಎದೆ ಡವಗುಟ್ಟುತ್ತದೆ ಎಂದೆ. ಅವರು ಅದನ್ನೇ ಇಂಗ್ಲಿಷಿನಲ್ಲಿ ಕಂಪ್ಯೂಟರಿಗೆ ಹೇಳುತ್ತ ಹೋದರು. ಪರದೆಯ ಮೇಲೆ ಅಕ್ಷರಗಳು ತಾವಾಗಿಯೇ ಮೂಡಿದವು. ಅದನ್ನು ನೋಡುತ್ತಿದ್ದಂತೆ ನನ್ನ ಬೆರಳುಗಳು ಮಡಿಲಲ್ಲಿದ್ದ ಬ್ಯಾಗಿನ ಮೇಲೆ ಕುಣಿಯತೊಡಗಿದವು.

"ಕೈ ನಡುಗುವುದು ಯಾವಾಗಿನಿಂದ ಉಂಟು?" ಎಂದು ಡಾಕ್ಟರರು ಕೇಳಿದರು.

ನಡುಕವಲ್ಲ, ಟೈಪಿಂಗ್ ಎಂದರೆ ತಲೆಯ ಡಾಕ್ಟರರ ಬಳಿ ಕಳುಹಿಸಿಯಾರೆಂದು ಸುಮ್ಮನಾದೆ. ನಿಮಗಾದರೆ ಹೇಳಬಹುದು.

ಮಣಿಪಾಲದ ಒಂದು ಕಂಪನಿಯಲ್ಲಿ ಹಿಂದೆ ಅದೇ ನನ್ನ ಕೆಲಸ. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಿನಲ್ಲಿ ಹೇಳಿಟ್ಟದ್ದನ್ನು ಇಯರ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವುದು. ಒಬ್ಬರು ಏನನ್ನೋ ಜಗಿಯುತ್ತಲೇ ಮಾತಾಡುವರು, ಇನ್ನೊಬ್ಬರು ನಡುನಡುವೆ ನಾಯಿಗೆ ಬೈಯುವರು. ನಾಯಿಗೆ ಬೈಯುವ ಡಾಕ್ಟರರ ಧ್ವನಿ ಕಟ್ಟಿದ ದಿನ ನನ್ನ ಪಕ್ಕದ ಸೀಟಿನ, ಕಾಪುವಿನ ಶೋಭಾ "ಪಾಪ, ಶೀತ ಆಗಿದೆ" ಎಂದು ಮನೆಯವರಿಗೇ ಆದ ಹಾಗೆ ಮರುಗುತ್ತಿದ್ದಳು. ನಾವೆಂಬವರು ಇದ್ದೇವೆಂದು ಆ ಡಾಕ್ಟರುಗಳಿಗೆ ಗೊತ್ತಿತ್ತೋ ಇಲ್ಲವೋ.

ನಮ್ಮ ಮ್ಯಾನೇಜರ್ ಐರಿನ್ ಮೇಡಂ. ಶಂಕರಪುರದವರು; ಕುವೈತಿನ ಆಸ್ಪತ್ರೆಯೊಂದರ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ. ನಾಯಕತ್ವದ ತರಬೇತಿ ಕೊಡಲು ಹೊರಗಿನಿಂದ ಬಂದವರು ನಮ್ಮಿಂದ ಬಲೂನು ಊದಿಸಿ ಹೋದ ಮೇಲೆ, "ಊದಿದ್ದು ಸಾಕು ಮಾರಾಯ್ರೇ, ಇನ್ನು ಕೆಲಸ" ಎಂದಿದ್ದರು.

ಯಂತ್ರವೇ ಕೇಳಿ ಬರೆಯುತ್ತದಂತೆ ಎಂಬ ಗುಸುಗುಸು ಶುರುವಾದ ಮೇಲೆ ಊಟದ ಹೊತ್ತಿನಲ್ಲೂ ಯಾರೂ ಜೋರಾಗಿ ನಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೇಡಂ ಒಳಗೆ ಬಂದು ಬಾಗಿಲು ಹಾಕಿಕೊಂಡರು.

"ಇಯರ್‌ಫೋನ್ ತೆಗೆಯಿರಿ. ಮಳೆಗಾಲ ಮುಗಿಯುವುದರೊಳಗೆ ನಮ್ಮ ವಿಭಾಗ ಮುಚ್ಚುತ್ತದೆ. ಇದನ್ನು ಈಗಲೇ ಹೇಳಬಾರದು ಅಂತ ನನಗೆ ಮೇಲಿನಿಂದ ಅಪ್ಪಣೆ ಉಂಟು."

"ಮತ್ತೆ ಯಾಕೆ ಹೇಳಿದಿರಿ?" ಶೋಭಾ ಕೇಳಿದಳು.

"ಕುವೈತಿನಲ್ಲಿ ನನ್ನ ಕೆಲಸ ಹೋದದ್ದನ್ನು ನನಗೆ ಹೇಳಿದ್ದು ಗೇಟಿನ ವಾಚ್‌ಮನ್. ಕಾರ್ಡ್ ಹಿಡಿದೆ, ಬಾಗಿಲು ತೆರೆಯಲಿಲ್ಲ. ನಿಮಗೆ ಹಾಗೆ ಆಗಬಾರದು."

ಎಲ್ಲರೂ ಅವರನ್ನು ಹರಸಿದರು ಎಂದುಕೊಳ್ಳಬೇಡಿ. ಕಾರ್ಕಳದ ಸವಿತಾಳ ಮದುವೆ ಮಾತುಕತೆ ಈ ಸುದ್ದಿಯಿಂದ ಮುರಿಯಿತು. ಅವಳ ತಾಯಿ ಬಸ್ಸು ಹಿಡಿದು ಬಂದು, "ನೀವು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಗಳ ಮದುವೆಯಾದರೂ ಆಗುತ್ತಿತ್ತು" ಎಂದು ಎಲ್ಲರೆದುರು ಬೈದರು. ಮೇಡಂ ಕುರ್ಚಿ ಕೊಟ್ಟು, ಬೈಗುಳ ಮುಗಿಯುವವರೆಗೆ ಕೇಳಿದರು. ಉಡುಪಿಯ ಕಾಲೇಜೊಂದರ ಕಚೇರಿಯ ಕೆಲಸವನ್ನು ಬೇಡವೆನ್ನಲಿದ್ದ ಶೋಭಾ ಮಾತ್ರ ಮರುದಿನವೇ ಒಪ್ಪಿಕೊಂಡಳು, ಈಗಲೂ ಅಲ್ಲಿದ್ದಾಳೆ. ಮೇಡಂ ಗುಟ್ಟು ಬಿಟ್ಟುಕೊಟ್ಟ ಸುದ್ದಿ ಮೇಲಿನವರಿಗೆ ತಲುಪಿ, ಎಲ್ಲರಿಗಿಂತ ಮೊದಲು ಹೊರಬಿದ್ದವರು ಮೇಡಂ. ಹೊರಡುವ ದಿನ ನನ್ನನ್ನು ಕರೆದರು.

"ಹಿರಿಯಡ್ಕದಲ್ಲಿ ಒಂದು ಕಡೆ ಎಚ್‌ಆರ್‌ಗೆ ಜನ ಬೇಕಂತೆ. ನಿನ್ನ ಹೆಸರು ಹೇಳಿದ್ದೇನೆ."

"ನನಗೆ ಅದೆಲ್ಲ ಎಂತ ಗೊತ್ತುಂಟು ಮೇಡಂ?"

"ಅಷ್ಟು ಡಾಕ್ಟರುಗಳ ಗೊಣಗಾಟ ಅರ್ಥವಾದವಳಿಗೆ ನಮ್ಮ ಜನರದ್ದು ಅರ್ಥವಾಗುವುದಿಲ್ಲವಾ?"

ಹಾಗೆ ನಾನು ಹಪ್ಪಳ, ಉಪ್ಪಿನಕಾಯಿಯನ್ನು ಗಲ್ಫಿಗೆ ಕಳುಹಿಸುವ ಕಂಪನಿಗೆ ಬಂದೆ. ಅದನ್ನು ಈಗ ಮುಂಬಯಿಯವರು ಕೊಂಡಿದ್ದಾರೆ. ಪ್ಯಾಕಿಂಗಿಗೆ ಯಂತ್ರ ಬರುತ್ತದೆ, ಅರ್ಧ ಜನ ಸಾಕು, ಸದ್ಯಕ್ಕೆ ಗುಟ್ಟಾಗಿರಲಿ ಎಂದು ಹೋದ ವಾರ ಫೋನಿನಲ್ಲಿ ಹೇಳಿದರು. ನನ್ನ ನಿದ್ದೆ ಹೋದದ್ದು ಅಂದಿನಿಂದ. ಡಾಕ್ಟರರಿಗೆ ಇದನ್ನು ಹೇಳಲಿಲ್ಲ. ಪ್ಯಾಕಿಂಗ್ ವಿಭಾಗದ ಹಿರಿಯರಾದ ಯಶೋದಕ್ಕ ದಿನಾ ಬೆಳಿಗ್ಗೆ "ಎಂತ ಮೇಡಂ, ಮುಖ ಬಾಡಿದೆ?" ಎಂದು ಕೇಳುವಾಗ "ತಲೆನೋವು" ಎನ್ನುತ್ತೇನೆ. ಹೇಳಿದರೆ ನನ್ನ ಕೆಲಸವೂ ಹೋದೀತು. ಯಾರದೋ ತಾಯಿ ನನ್ನೆದುರೂ ಬಂದು ನಿಂತಾರು.

ಮಾತ್ರೆ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದವಳು ಯಶೋದಕ್ಕನಿಗೆ ಫೋನ್ ಮಾಡಿದೆ.

"ನಾಳೆ ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಸಿಗಬೇಕು."

"ಒಳ್ಳೆಯ ವಿಷಯವೇ, ಅಲ್ವಾ ಮೇಡಂ?"

"ಅಲ್ಲ, ಯಶೋದಕ್ಕ."

"ಹಾಗಾದರೆ ನಾಳೆಯವರೆಗೆ ಯಾಕೆ?" ಎಂದರು. "ಈಗಲೇ ಬನ್ನಿ. ಎಲ್ಲರೂ ಇಲ್ಲೇ ಇದ್ದೇವೆ."

ಹಿರಿಯಡ್ಕದ ಬಸ್ಸಿನಲ್ಲಿ ಕುಳಿತಿದ್ದೇನೆ. ಪರ್ಕಳ ದಾಟಿತು. ಹೇಳಬೇಕಾದ ಮೊದಲ ವಾಕ್ಯ ಇನ್ನೂ ಸಿಕ್ಕಿಲ್ಲ.