ಮಂಗಳ ಗ್ರಹದಲ್ಲಿ ಲೋಹಣ್ಣನನ್ನು ಸಾಯಿಸಿದ್ದು

ಎಂಬತ್ತೇಳನೇ ಇಸವಿಯ ಬೇಸಿಗೆ. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಒಂದು ಟೀವಿ ಧಾರಾವಾಹಿಗೆ ನಾನು ಸಹಾಯಕ ನಿರ್ದೇಶಕನಾಗಿದ್ದೆ. ಕಥೆ ವೈಜ್ಞಾನಿಕ ಕಲ್ಪನೆಯದು: ಒಬ್ಬ ನಾಯಕ, ಒಂದು ರಾಕೆಟ್ಟು, ಜೊತೆಗೆ ಲೋಹಣ್ಣ ಎಂಬ ಮಾತಾಡುವ ರೋಬೋ. ನಾಯಕನಿಗೆ ನಟನೆ ಬರುತ್ತಿರಲಿಲ್ಲ, ರಾಕೆಟ್ಟು ಥರ್ಮೋಕೋಲಿನದು. ಅವೆರಡನ್ನೂ ಜನ ಸಹಿಸಿಕೊಂಡರು. ಲೋಹಣ್ಣನನ್ನು ಮಾತ್ರ ಸಹಿಸಲಿಲ್ಲ.

ಆ ತಗಡಿನ ಅಂಗಿಯೊಳಗಿದ್ದವರು ಕೊಟ್ಟೂರಿನ ಕೊಟ್ರಪ್ಪ. ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ಹಾಸ್ಯಪಾತ್ರ ಮಾಡಿ, ಕಂಪನಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಕೊನೆಯ ಸಾಲಿಗೂ ಕೇಳಿಸುವಂತೆ ಕೂಗುವುದು, ನಗೆಮಾತು ಹೇಳಿ ಜನ ನಗುವ ತನಕ ಕಾಯುವುದು ಅವರ ಮೈಗಂಟಿದ ಪದ್ಧತಿ. ಟೀವಿಯಲ್ಲಿ ಕಾದರೆ ಯಾರು ನಗಬೇಕು? ಎಡಿಟಿಂಗ್‌ನಲ್ಲಿ ಎಷ್ಟು ಕತ್ತರಿಸಿದರೂ ಲೋಹಣ್ಣ ಬಾಯಿ ತೆರೆದುಕೊಂಡು ನಿಂತಿರುವುದು ಉಳಿದೇ ಉಳಿಯುತ್ತಿತ್ತು. ಆ ಡಬ್ಬಿಯನ್ನು ಮೊದಲು ಬಿಸಾಡಿ ಎಂದು ನೋಡುಗರು ರೇಗಿದರು. ಪ್ರಾಯೋಜಕರು ಮುಖ ಸಿಂಡರಿಸಿದರು. ನಿರ್ದೇಶಕರು ಲೋಹಣ್ಣನನ್ನು ಸಾಯಿಸಲು ನಿರ್ಧರಿಸಿದಾಗ ನನಗೂ ನಿರಾಳವಾಯಿತು.

ಮಂಗಳ ಗ್ರಹಕ್ಕೆಂದು ನಾವು ಆರಿಸಿದ್ದು ಕೂಡ್ಲಿಗಿ ಹತ್ತಿರದ ಬೋಳು ಬಂಡೆಗಳನ್ನು. ಕೊಟ್ರಪ್ಪನವರ ಊರು ಅಲ್ಲೇ ಪಕ್ಕದಲ್ಲಿದೆ ಎಂಬುದನ್ನು ಯಾರೂ ಯೋಚಿಸಲಿಲ್ಲ. ಸುದ್ದಿ ಹರಡಿ ಕೊಟ್ಟೂರು, ಹರಪನಹಳ್ಳಿ ಕಡೆಯಿಂದೆಲ್ಲ ಬಸ್ಸು ತುಂಬಿ ಜನ ಬಂದರು. ನಾನು ತಗಡಿನ ಹುಕ್ಕು ಹಾಕುತ್ತಿದ್ದಾಗ ಕೊಟ್ರಪ್ಪ ಮೆಲ್ಲಗೆ ಹೇಳಿದರು:

"ಸಾಹೇಬ್ರ, ಟೀವ್ಯಾಗ ನನ್ನ ಹೆಸರು ಕೆಟ್ಟೈತಿ, ನನಗ ಗೊತ್ತೈತಿ. ಇವತ್ತ ನಮ್ಮ ಮಂದಿ ಮುಂದ ಚಂದಾಗಿ ಸಾಯಾಕ ಬಿಡ್ರಿ. ನಾಳೆ ನಾ ಇದಾ ಊರಾಗ ತಲಿ ಎತ್ತಿ ತಿರುಗಬೇಕು."

ಉಲ್ಕೆ ಬಡಿದವರಂತೆ ಅವರು ಬಂಡೆಯ ಮೇಲೆ ಬಿದ್ದರು. ಕೊನೆಯ ಮಾತು ಹೇಳಿ ಕಣ್ಣು ಮುಚ್ಚಿದರು. ನಿಜಕ್ಕೂ ಚೆನ್ನಾಗಿ ಸತ್ತರು. ಮೊದಲ ಟೇಕ್ ಓಕೆ ಆಯಿತು, ಕ್ಯಾಮೆರಾ ನಿಂತಿತು.

ಆಗ ಜನರ ನಡುವಿನಿಂದ ಶಿಳ್ಳೆ, ಹಿಂದೆಯೇ "ಒನ್ಸ್ ಮೋರ್" ಎಂಬ ಕೂಗು. ಕಂಪನಿ ನಾಟಕದಲ್ಲಿ ಈ ಕೂಗು ಬಂದರೆ ಸತ್ತವನೂ ಎದ್ದು ಅದೇ ದೃಶ್ಯವನ್ನು ಮತ್ತೆ ಆಡಬೇಕು. ಅದು ನಟನಿಗೆ ಸಿಗುವ ಮರ್ಯಾದೆ. ಕೊಟ್ರಪ್ಪ ಎದ್ದರು. ಮತ್ತೆ ಬಿದ್ದರು. "ಇನ್ನೊಮ್ಮೆ ಸಾಯಲೇ ಡಬ್ಬಿ" ಎಂದು ಒಬ್ಬ ಕೂಗಿದ. ಎಲ್ಲರೂ ಬಿದ್ದುಬಿದ್ದು ನಕ್ಕರು. ಕೊಟ್ರಪ್ಪ ಮತ್ತೆ ಎದ್ದರು. ಮೊಣಕೈ ಸೀಳಿ ಕಾದ ತಗಡಿನ ಮೇಲೆ ರಕ್ತ ಇಳಿಯುತ್ತಿತ್ತು. ನಿಲ್ಲಿಸಲು ಹೊರಟ ನನ್ನ ಕೈಯನ್ನು ನಿರ್ದೇಶಕರು ಹಿಡಿದರು.

"ಆಡಲಿ ಬಿಡ್ರೀ. ಇಲ್ಲದಿದ್ದರೆ ಜನ ನಮ್ಮ ಮೇಲೆ ಬೀಳ್ತಾರೆ."

ಕ್ಯಾಮೆರಾ ಆಗಲೇ ಪೆಟ್ಟಿಗೆ ಸೇರಿತ್ತು. ಜನರಿಗೆ ಬೇಸರ ಬರುವ ತನಕ ಲೋಹಣ್ಣ ಸಾಯುತ್ತಲೇ ಇದ್ದ.

ತಗಡು ಬಿಚ್ಚುವಾಗ ನಾನು ಸಮಾಧಾನಕ್ಕೆ, "ನಿಮ್ಮ ಊರಿನವರು ಎಷ್ಟು ಮೆಚ್ಚಿಕೊಂಡರು ನೋಡಿ" ಎಂದೆ.

"ಬ್ಯಾಡ್ರಿ ಸಾಹೇಬ್ರ. ಮೂವತ್ತು ವರ್ಷ ಒನ್ಸ್ ಮೋರ್ ಕೇಳೀನಿ. ಇದು ಎಂಥಾದ್ದು ಅಂತ ಮೊದಲ್ನೇ ಕೂಗಿಗೇ ತಿಳೀತು."

"ಮತ್ತೆ ಯಾಕೆ ಎದ್ದಿರಿ?"

"ಮಂದಿ ಕೇಳಿದ ಮ್ಯಾಲೂ ಬಿದ್ದುಕೊಂಡಿದ್ರ ಅವ ನಟ ಏನ್ರಿ?"

ಅವತ್ತು ಅವರು ಕೊಟ್ಟೂರಿಗೆ ಹೋಗಲಿಲ್ಲ. ನಮ್ಮ ವ್ಯಾನಿನಲ್ಲೇ ಬೆಂಗಳೂರಿಗೆ ವಾಪಸು ಬಂದರು. ಆ ಕಡೆ ಮತ್ತೆ ಕಾಲಿಡಲೇ ಇಲ್ಲ ಎಂದು ಕೇಳಿದ್ದೇನೆ.

ಮುಂದೆ ನಾನೇ ನಿರ್ದೇಶಕನಾಗಿ ಜನ ಒಪ್ಪದ ಪಾತ್ರಗಳನ್ನು ಮುಲಾಜಿಲ್ಲದೆ ತೆಗೆದುಹಾಕಿದೆ. ಆ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಅಂಥ ಪಾತ್ರ ಸಾಯುವ ದೃಶ್ಯವಿದ್ದ ದಿನ ಹೊರಗಿನವರು ಬರದಂತೆ ಸ್ಟುಡಿಯೋದ ಬಾಗಿಲು ಹಾಕಿಸುತ್ತಿದ್ದೆ. ಪಾತ್ರ ಸತ್ತರೂ ಜನರ ಸಿಟ್ಟು ಸಾಯುವುದಿಲ್ಲ. ಅದು ಮನುಷ್ಯನನ್ನು ಹುಡುಕುತ್ತದೆ.